ಆರಿಹೋಗುವ ಬೀಡಿಯೂ ನಿಷೇಧದ ಪ್ರಶ್ನೆಯೂ

ಮಲ್ಪೆ ಬಂದರಿನಲ್ಲಿ ಬಲೆ ಸರಿಪಡಿಸುತ್ತ ಕುಳಿತವರನ್ನು ಸ್ವಲ್ಪ ಹೊತ್ತು ಗಮನಿಸಿದರೆ ಒಂದು ಸಣ್ಣ ಸಂಗತಿ ಕಣ್ಣಿಗೆ ಬೀಳುತ್ತದೆ. ಮಾತಿನ ನಡುವೆ ತುಟಿಯಲ್ಲಿದ್ದ ಬೀಡಿ ಆರಿಹೋಗಿರುತ್ತದೆ. ಕಡ್ಡಿ ಗೀರಿ ಹಚ್ಚಿ ನಾಲ್ಕು ಗಂಟು ಹಾಕುವಷ್ಟರಲ್ಲಿ ಮತ್ತೆ ಆರುತ್ತದೆ. ಅದೇ ಗಾಳಿಯಲ್ಲಿ ಪಕ್ಕದವರ ಸಿಗರೇಟು ಮಾತ್ರ ಸೇದದಿದ್ದರೂ ತನ್ನಷ್ಟಕ್ಕೆ ಉರಿದು ಬೂದಿಯಾಗುತ್ತಿರುತ್ತದೆ. ಸಿಗರೇಟಿನ ಕಾಗದದಲ್ಲಿರುವ ಅತಿ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ನುಗ್ಗಿ ಕೆಂಡವನ್ನು ಉಳಿಸುತ್ತದೆ. ಬೀಡಿಗೆ ಸುತ್ತುವ ತೆಂಡು ಎಲೆ ಗಾಳಿಯನ್ನು ಅಷ್ಟು ಸಲೀಸಾಗಿ ಒಳಬಿಡುವುದಿಲ್ಲ. ಹಾಗಾಗಿ ಬೀಡಿ ಸೇದುವವರು ಮೇಲಿಂದ ಮೇಲೆ, ಜೋರಾಗಿ ದಮ್ಮು ಎಳೆಯಲೇಬೇಕಾಗುತ್ತದೆ. ಸಿಗರೇಟಿಗಿಂತ ಎಷ್ಟೋ ಕಡಿಮೆ ಹೊಗೆಸೊಪ್ಪು ಇದ್ದರೂ ಬೀಡಿಯಿಂದ ಒಳಗೆ ಹೋಗುವ ಟಾರ್, ನಿಕೋಟಿನ್ ಮತ್ತು ಇಂಗಾಲದ ಮಾನಾಕ್ಸೈಡ್ ಸಿಗರೇಟಿಗೆ ಕಡಿಮೆಯಿಲ್ಲದಷ್ಟಿರುವುದಕ್ಕೆ ಇದೊಂದು ಕಾರಣ. ‘ಬೀಡಿ ಎಲೆಯದ್ದು, ಅಷ್ಟೇನೂ ಕೆಡುಕಲ್ಲ’ ಎಂಬ ನಮ್ಮ ಕಡೆಯ ಮಾತಿಗೆ ಆಧಾರವಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಬೀಡಿ ಸೇದುವವರು ಶೇ. 7.7, ಸಿಗರೇಟು ಸೇದುವವರು ಶೇ. 4; ಆದ್ದರಿಂದ ಧೂಮಪಾನವನ್ನು ಸರ್ಕಾರ ನಿಷೇಧಿಸಬೇಕೇ ಎಂಬುದು ನಮ್ಮಲ್ಲಿ ಮೊದಲಿಗೆ ಬೀಡಿಯ ಪ್ರಶ್ನೆ.

ಈ ಚರ್ಚೆಯನ್ನು ವ್ಯಕ್ತಿಸ್ವಾತಂತ್ರ್ಯದಿಂದ ಆರಂಭಿಸುವುದು ವಾಡಿಕೆ. ನನಗೆ ಮಿದುಳಿನಿಂದ ಆರಂಭಿಸುವುದು ಸರಿಯೆನಿಸುತ್ತದೆ. ಹೊಗೆಯೊಂದಿಗೆ ಶ್ವಾಸಕೋಶ ಸೇರಿದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ, ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ಬಂದು ಕೂರಲೆಂದು ನರಕೋಶಗಳ ಮೇಲಿರುವ ತಾಣಗಳಾದ ಗ್ರಾಹಕಗಳ ಮೇಲೆ ತಾನು ಕುಳಿತು, ಹಿತದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ಬಿಡುಗಡೆಯಾಗುವಂತೆ ಮಾಡುತ್ತದೆ. ಇದು ದಿನವೂ ನಡೆದರೆ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧದಷ್ಟಾಗುವುದರಿಂದ, ಬೆಳಗಾಗುವಷ್ಟರಲ್ಲಿ ಅವೆಲ್ಲ ಖಾಲಿ ಬಿದ್ದಿರುತ್ತವೆ. ಚಹಾದ ಜೊತೆಗಿನ ಮೊದಲ ಬೀಡಿ ಬಹುಮಟ್ಟಿಗೆ ಅವುಗಳ ತಗಾದೆ ತೀರಿಸಲಿಕ್ಕೆ. ಬೆಳೆಯುತ್ತಿರುವ ಮಿದುಳು ಈ ಬಲೆಗೆ ಇನ್ನೂ ಬೇಗ ಬೀಳುತ್ತದೆ. ಹದಿನಾರರಲ್ಲಿ ಹತ್ತಿದ ಚಟವನ್ನು ನಲವತ್ತರಲ್ಲಿ ‘ನನ್ನ ಆಯ್ಕೆ’ ಎನ್ನುವುದರಲ್ಲಿ ಎಷ್ಟು ಸತ್ಯವಿದೆ?

ಆದರೆ ಇದೇ ಕಾರಣಕ್ಕೆ ಒಂದೇ ಏಟಿನ ನಿಷೇಧವೂ ಸೋಲುತ್ತದೆ, ಏಕೆಂದರೆ ರಾಜ್ಯಪತ್ರದಲ್ಲಿ ಆದೇಶ ಬಂದ ಮಾತ್ರಕ್ಕೆ ಗ್ರಾಹಕಗಳು ಸುಮ್ಮನಾಗುವುದಿಲ್ಲ. ಭೂತಾನ 2004ರಲ್ಲಿ ತಂಬಾಕಿನ ಮಾರಾಟವನ್ನೇ ನಿಷೇಧಿಸಿತು. ಭಾರತದ ಗಡಿಯಿಂದ ಕಳ್ಳಸಾಗಣೆ ನಿಲ್ಲದೆ, ಅದರ ಜೊತೆಗೆ ಕೋವಿಡ್ ಕೂಡ ಗಡಿ ದಾಟಬಹುದೆಂಬ ಭಯ ಹುಟ್ಟಿ, 2021ರಲ್ಲಿ ನಿಷೇಧವನ್ನು ತೆಗೆಯಬೇಕಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ಸೇದಬಾರದೆಂಬ, 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಜಾರಿಯಲ್ಲಿರುವ ನಿಯಮದ ಮಾತು ಬೇರೆ. ಅದು ಪಕ್ಕದಲ್ಲಿ ಕುಳಿತವರ ಶ್ವಾಸಕೋಶದ ರಕ್ಷಣೆ, ಅದರಲ್ಲಿ ತಕರಾರಿಗೆ ಎಡೆಯಿಲ್ಲ.

ನನಗೆ ಒಪ್ಪಿಗೆಯಾಗುವುದು ಹುಟ್ಟಿದ ವರ್ಷಕ್ಕೆ ಗೆರೆ ಎಳೆಯುವ ವಿಧಾನ. ಮಾಲ್ಡೀವ್ಸ್‌ನಲ್ಲಿ 2007ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ತಂಬಾಕು ಮಾರುವಂತಿಲ್ಲವೆಂಬ ನಿಯಮ 2025ರ ನವೆಂಬರಿನಲ್ಲಿ ಬಂದಿದೆ. ಇಂಥದ್ದೇ ಕಾನೂನು ಮಾಡಿದ್ದ ನ್ಯೂಜಿಲೆಂಡ್, ಸರ್ಕಾರ ಬದಲಾದ ಮೇಲೆ 2024ರಲ್ಲಿ ಅದನ್ನು ರದ್ದು ಮಾಡಿತು. ಅಲ್ಲಿ ಸೋತದ್ದು ರಾಜಕೀಯ, ವಿಜ್ಞಾನವಲ್ಲ. ಈ ವಿಧಾನದಲ್ಲಿ ಚಟ ಹತ್ತದವರಿಗೆ ಮಾತ್ರ ಬಾಗಿಲು ಮುಚ್ಚುತ್ತದೆ. ಈಗಾಗಲೇ ಒಳಗಿರುವವರಿಗೆ ಬೇಕಾದದ್ದು ಬಿಡಲು ನೆರವು, ಅದಕ್ಕೆ ತಡವೆಂಬುದಿಲ್ಲ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಸೇದುವವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತಿದ್ದರು. 60ರಲ್ಲಿ ಬಿಟ್ಟವರಿಗೂ 3 ವರ್ಷ ಮರಳಿ ಸಿಕ್ಕಿತ್ತು, 30ರಲ್ಲಿ ಬಿಟ್ಟವರಿಗೆ ಹೆಚ್ಚುಕಡಿಮೆ ಪೂರ್ತಿ ಹತ್ತೂ.

ಇಲ್ಲಿಯವರೆಗಿನ ಮಾತು ಯಾವ ಊರಿಗಾದರೂ ಸಲ್ಲುತ್ತದೆ. ಮಂಗಳೂರಿನಲ್ಲಿ ನಿಂತು ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಈ ಬೀಡಿ ಕಟ್ಟುವುದು ನಮ್ಮ ಜಗಲಿಗಳಲ್ಲಿಯೇ. ನಮ್ಮ ನೆರೆಮನೆಯ ಅಕ್ಕ ರಾತ್ರಿಯೇ ಎಲೆ ನೆನೆಸಿಡುತ್ತಾರೆ; ಬೆಳಗ್ಗೆ ತಗಡಿನ ಅಚ್ಚಿಟ್ಟು ಕತ್ತರಿಸಿ, ಮಡಿಲಿನ ತಡ್ಪೆಯಿಂದ (ಮೊರದಿಂದ) ಚಿಟಿಕೆ ಹೊಗೆಸೊಪ್ಪಿನ ಹುಡಿ ಹರವಿ, ಸುರುಳಿ ಸುತ್ತಿ ನೂಲು ಬಿಗಿಯುವುದು ಅವರ ಕೈಗೆ ಕಣ್ಣು ಬೇಡದಷ್ಟು ರೂಢಿಯಾಗಿದೆ. ಮಜೂರಿ ಸಿಗುವುದು ಸಾವಿರ ಬೀಡಿಗೆ ಇಷ್ಟೆಂದು. ಒಮ್ಮೆಯೂ ಸೇದದವರ ಮೂಗಿಗೂ ಬೆರಳಿಗೂ ಆ ಹುಡಿ ಹತ್ತುತ್ತದೆ, ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರಬಲ್ಲದು. ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೇ ವಿಧಿ ಇಂಥವರಿಗೆ ಬದಲಿ ಜೀವನೋಪಾಯ ಒದಗಿಸಬೇಕೆನ್ನುತ್ತದೆ. ಈ ಹೆಂಗಸರ ಹೆಸರಿನಲ್ಲಿಯೇ ಬೀಡಿಯ ಮೇಲೆ ಸಿಗರೇಟಿಗಿಂತ ಹಗುರವಾದ ತೆರಿಗೆಯನ್ನು ಸಮರ್ಥಿಸುತ್ತ ಬಂದಿರುವುದು ನನಗೆ ಸರಿಕಾಣುವುದಿಲ್ಲ; ತೆರಿಗೆ ಏರಿಸಿ, ಬಂದ ಹಣವನ್ನು ಇದೇ ಜಗಲಿಗಳಿಗೆ ಮುಟ್ಟಿಸಬಹುದಲ್ಲ.

ಹುಟ್ಟಿದ ವರ್ಷದ ಗೆರೆಯನ್ನು ಅಕ್ಕ ತಮ್ಮ ಮನೆಯಲ್ಲಿ ಎಂದೋ ಎಳೆದಾಗಿದೆ. ಬೀಡಿಯ ದುಡ್ಡಿನಲ್ಲೇ ಓದಿದ ಅವರ ಮಗಳಿಗೆ ಬೀಡಿ ಕಟ್ಟಲು ಬರುವುದಿಲ್ಲ. ಯಾಕೆ ಕಲಿಸಲಿಲ್ಲವೆಂದು ಕೇಳಿದ್ದಕ್ಕೆ ಅವರು ನೂಲು ಕಚ್ಚಿ ತುಂಡರಿಸುತ್ತ, “ಕಲಿತರೆ ಬಿಡಲಿಕ್ಕಾಗುವುದಿಲ್ಲ ಮಾರಾಯ್ರೆ” ಎಂದರು.