ಮ್ಯಾಪ್ಡ್ ಡ್ರೈವ್: ಈ ಝಡ್ ಡ್ರೈವ್ ಇರೋದು ಎಲ್ಲಿ?

ಆಫೀಸಿನ ಕಂಪ್ಯೂಟರಿನಲ್ಲಿ ‘ದಿಸ್ ಪಿಸಿ’ ತೆರೆದರೆ ಸಿ, ಡಿ ಜೊತೆಗೆ ಒಂದು ಝಡ್ ಡ್ರೈವ್ ಕೂಡ ಕಾಣುತ್ತದೆ, ಅಲ್ವಾ? ಅದು ನಿಮ್ಮ ಕಂಪ್ಯೂಟರಿನೊಳಗೆ ಇಲ್ಲವೇ ಇಲ್ಲ. ಅದೇ ನೆಟ್‌ವರ್ಕಿನ ಬೇರೊಂದು ಕಂಪ್ಯೂಟರ್ ಅಥವಾ ಸರ್ವರಿನಲ್ಲಿ ಶೇರ್ ಮಾಡಿರುವ ಫೋಲ್ಡರ್ ಅದು. ಅದರ ಪೂರ್ತಿ ವಿಳಾಸ \\ಸರ್ವರ್\ಲೆಕ್ಕಪತ್ರ ಅನ್ನೋ ಥರ ಇರುತ್ತದೆ: ಎರಡು ಓರೆಗೆರೆ, ಕಂಪ್ಯೂಟರಿನ ಹೆಸರು, ಆಮೇಲೆ ಫೋಲ್ಡರಿನ ಹೆಸರು. ದಿನಾ ಇದನ್ನು ಟೈಪ್ ಮಾಡೋ ಬದಲು ಒಂದು ಅಕ್ಷರಕ್ಕೆ ಜೋಡಿಸಿಟ್ಟರೆ ಅದೇ ಮ್ಯಾಪ್ಡ್ ಡ್ರೈವ್.

ಜೋಡಿಸೋದು ಸುಲಭ. ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಒತ್ತಿ, ಅಕ್ಷರ ಆರಿಸಿ, ವಿಳಾಸ ಕೊಟ್ಟು, ‘ರೀಕನೆಕ್ಟ್ ಅಟ್ ಸೈನ್-ಇನ್’ಗೆ ಟಿಕ್ ಹಾಕಿದರೆ ಆಯ್ತು. ಜಾಸ್ತಿ ಜನ ಸಿಕ್ಕಿಬೀಳೋದು ಪಾಸ್‌ವರ್ಡ್ ಕೇಳಿದಾಗ. ಅಲ್ಲಿ ಬೇಕಿರುವುದು ಫೋಲ್ಡರ್ ಇರುವ ಆ ಕಂಪ್ಯೂಟರ್ ಒಪ್ಪುವ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್. ಬೆಳಿಗ್ಗೆ ಲಾಗಿನ್ ಆಗೋಕೆ ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯಲ್ಲ. ಇನ್ನೊಂದು ಮಾತು: ವಿಳಾಸದಲ್ಲಿ ಐಪಿ ನಂಬರ್ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಸಿಗುವ ಅಂಕಿಗಳ ವಿಳಾಸ) ಹಾಕಬೇಡಿ, ಕಂಪ್ಯೂಟರಿನ ಹೆಸರು ಹಾಕಿ. ರೂಟರ್ ಆಫ್ ಮಾಡಿ ಆನ್ ಮಾಡಿದಾಗ ಐಪಿ ಬದಲಾಗಬಹುದು. ಆಗ ಡ್ರೈವಿನ ಮೇಲೆ ಕೆಂಪು ಇಂಟು ಗುರುತು ಬಂದು ಕೂರುತ್ತದೆ.

ಈ ಎರಡು ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಕ್ರಮದ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದನ್ನು ಮೈಕ್ರೋಸಾಫ್ಟ್ ಬೆಳೆಸಿತು. ಲಿನಕ್ಸ್‌ನಲ್ಲಿ ಸಾಂಬಾ ಅನ್ನೋ ತಂತ್ರಾಂಶ ಇದೇ ಕೆಲಸ ಮಾಡುತ್ತದೆ, ಮ್ಯಾಕ್‌ಗೂ ಎಸ್‌ಎಂಬಿ ಬರುತ್ತದೆ. ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನೇ ಹಿಡಿದು 2017ರ ಮೇನಲ್ಲಿ ವಾನಾಕ್ರೈ ವೈರಸ್ ಜಗತ್ತೆಲ್ಲಾ ಹರಡಿತು. ಹಳೇ ಸ್ಕ್ಯಾನರ್ ಒಂದಕ್ಕೋಸ್ಕರ ‘ಎಸ್‌ಎಂಬಿ 1 ಆನ್ ಮಾಡಿ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸ್ಕ್ಯಾನರ್ ಬದಲಾಯಿಸೋದೇ ವಾಸಿ.

ಒಂದೇ ಎಕ್ಸೆಲ್ ಫೈಲನ್ನು ಇಬ್ಬರು ತೆರೆದರೆ? ಮೊದಲು ತೆರೆದವರಿಗೆ ಬರೆಯೋ ಹಕ್ಕು. ಎರಡನೆಯವರಿಗೆ ‘ಲಾಕ್ಡ್ ಫಾರ್ ಎಡಿಟಿಂಗ್’ ಅಂತ ಬಂದು, ಸುಮ್ನೆ ಓದೋಕೆ ಮಾತ್ರ ಸಿಗುತ್ತದೆ. ಫೈಲ್ ತೆರೆದಿಟ್ಟು ಊಟಕ್ಕೆ ಹೋಗುವವರ ಮೇಲೆ ಇಡೀ ಆಫೀಸಿಗೆ ಸಿಟ್ಟು ಬರೋದು ಇದಕ್ಕೇ.

ನಿಜವಾಗಿ ಎಚ್ಚರ ಬೇಕಿರುವುದು ಡಿಲೀಟ್ ಮಾಡುವಾಗ. ಝಡ್ ಡ್ರೈವಿನಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ನಿಮ್ಮ ರೀಸೈಕಲ್ ಬಿನ್‌ಗೆ ಬರಲ್ಲ, ನೇರವಾಗಿ ಹೋಗಿಬಿಡುತ್ತದೆ. ನಿಮಗಷ್ಟೇ ಅಲ್ಲ, ಎಲ್ಲರಿಗೂ. ಹಾಗೇನಾದರೂ ಆದರೆ ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಶನ್ಸ್’ ನೋಡಿ. ಸರ್ವರ್ ನೋಡಿಕೊಳ್ಳುವವರು ಮೊದಲೇ ಆ ವ್ಯವಸ್ಥೆ ಮಾಡಿಟ್ಟಿದ್ದರೆ ಹಳೇ ಪ್ರತಿ ಅಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಅವರ ಬ್ಯಾಕಪ್ಪೇ ಗತಿ.