ಗುರುವಾರದ ಸೂಜಿ, ಗುಳೆ ಹೋದ ಮನೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಂದು ಅಂಕಿ ಹಿಮ್ಮುಖವಾಗಿ ನಡೆದಿದೆ. 1998-99ರಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಹಾಕಿಸಿಕೊಂಡವರು ಶೇ. 60ರಷ್ಟಿದ್ದರು. 2005-06ರ ಹೊತ್ತಿಗೆ ಅದು ಶೇ. 55ಕ್ಕೆ ಇಳಿಯಿತು. ಬೆಂಗಳೂರು ಐಟಿ ಊರಾಗಿ ಮೆರೆಯುತ್ತಿದ್ದ ಕಾಲವದು. ಇಂಥ ಇಳಿಕೆಗೆಲ್ಲ ನಮ್ಮಲ್ಲಿ ಒಂದು ಸಿದ್ಧ ಉತ್ತರ ಇದ್ದೇ ಇರುತ್ತದೆ: ಹಳ್ಳಿ ಜನಕ್ಕೆ ತಿಳಿವಳಿಕೆ ಸಾಲದು, ಸೂಜಿಗೆ ಹೆದರುತ್ತಾರೆ. ಇನ್ನೂರು ವರ್ಷಗಳಿಂದ ಕೊಡುತ್ತ ಬಂದಿರುವ ಈ ಉತ್ತರ ಅರ್ಧ ಸತ್ಯವೂ ಅಲ್ಲ ಎಂಬುದು ನನ್ನ ಎಣಿಕೆ.

ಹೆದರಿಕೆಗೆ ಮೊದಮೊದಲು ಕಾರಣವಂತೂ ಇತ್ತು. ಸಿಡುಬು, ಅಂದರೆ ಮೈಲಿಬೇನೆ ತಡೆಯಲು ಇಂಗ್ಲೆಂಡಿನ ವೈದ್ಯ ಜೆನ್ನರ್ ಕಂಡುಕೊಂಡ ಗೋಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ತಲುಪಿತು. ಆಗ ಅದನ್ನು ಕೆಡದಂತೆ ಸಾಗಿಸಲು ಇದ್ದ ನಂಬಿಕಸ್ತ ಪಾತ್ರೆ ಮನುಷ್ಯನ ತೋಳೇ. ಒಂದು ಮಗುವಿಗೆ ಲಸಿಕೆ ಹಾಕಿ, ಒಂದು ವಾರ ಕಾದು, ಎದ್ದ ಗುಳ್ಳೆಯ ಕೀವು ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಯಾರ ಮಗುವಿನ ಕೀವು ಯಾರ ಮಗುವಿಗೆ ಎಂಬ ಜಾತಿಯ ಪ್ರಶ್ನೆ ಒಂದು ಕಡೆ, ನೋಯುತ್ತಿರುವ ಗುಳ್ಳೆಯನ್ನು ಮತ್ತೆ ಕೆದಕುವ ಸಂಕಟ ಇನ್ನೊಂದು ಕಡೆ. ಯಾವ ತಾಯಿ ತಾನೆ ಖುಷಿಯಿಂದ ಕೈ ಚಾಚಿಯಾಳು?

ಆ ಕಾಲದ ಮೈಸೂರು ಅರಮನೆಯ ಕುರುಹು ಒಂದು ಚಿತ್ರದಲ್ಲಿ ಉಳಿದಿದೆ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದದ್ದು; ಮೂವರು ರಾಜಸ್ತ್ರೀಯರು ನಿಂತಿದ್ದಾರೆ. ಅವರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜಲ್ ಚಾನ್ಸಲರ್ ಗುರುತಿಸಿದ್ದಾರೆ. ಅರಮನೆಯೇ ಒಪ್ಪಿದ ಮೇಲೆ ಪ್ರಜೆಗಳೂ ಒಪ್ಪುತ್ತಾರೆ ಎಂಬುದು ಕಂಪನಿಯವರ ಲೆಕ್ಕವಾಗಿತ್ತು ಎನ್ನುತ್ತಾರೆ ಅವರು. ಚಿತ್ರವೇನೋ ಚೆಂದ. ಆದರೆ ಮೈಲಿಬೇನೆ ಎದ್ದ ಊರಿಗೆ ಚಿತ್ರ ಹೋಗಲಿಲ್ಲ, ಲಸಿಕೆಯೂ ಹೋದದ್ದು ಅಷ್ಟಕ್ಕಷ್ಟೇ. 1880ರ ಲಸಿಕೆ ಕಾಯ್ದೆ ಬಂದಾಗ ಕಡ್ಡಾಯವಾದದ್ದು ಆಯ್ದ ಪುರಸಭೆಗಳಲ್ಲಿ, ದಂಡುಪ್ರದೇಶಗಳಲ್ಲಿ. ಹಳ್ಳಿ ಅದರ ಹೊರಗೆ. ಊರ ಬಾಗಿಲಲ್ಲಿ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಬಿಟ್ಟು ಒಪ್ಪಿಸಿದವರನ್ನು ಮೂಢರೆನ್ನುವ ಮುಂಚೆ, ಅವರ ಕೈಗೆ ಬೇರೆ ಏನು ಸಿಕ್ಕಿತ್ತು ಎಂದು ಕೇಳಬೇಕಲ್ಲವೇ?

ಸಿಡುಬು ಕೊನೆಗೆ ಸೋತದ್ದು ಹೇಗೆ ಎಂಬುದರಲ್ಲಿ ಈ ಕಥೆಯ ಕೀಲಿ ಇದೆ. ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ 1962ರಲ್ಲಿ ಶುರುವಾದಾಗ ದ್ರವರೂಪದ ಲಸಿಕೆ ನಮ್ಮ ಬಿಸಿಲಿಗೆ ಬೇಗ ಕೆಡುತ್ತಿತ್ತು. ಆಮೇಲೆ ಬಂದ, ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿ ಲಸಿಕೆ ಸೆಖೆಯನ್ನು ತಡೆಯಿತು. ಅದನ್ನು ತಯಾರಿಸುತ್ತಿದ್ದ ದೇಶದ ಕೆಲವೇ ಕೇಂದ್ರಗಳಲ್ಲಿ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಕೂಡ ಒಂದು. ಜೊತೆಗೆ ಎರಡು ಮೊನೆಯ ಸೂಜಿ ಬಂತು. ಹೆಚ್ಚು ತರಬೇತಿ ಇಲ್ಲದವರೂ ಅದನ್ನು ಚುಚ್ಚಬಹುದಿತ್ತು. ಕಾಯಿಲೆ ಎದ್ದ ಮನೆಯನ್ನು ಹುಡುಕಿ ಸುತ್ತಲಿನವರಿಗೆಲ್ಲ ಹಾಕುವ ಪದ್ಧತಿಯೂ ಬಂತು. ಮಾರಮ್ಮನ ಮೇಲಿನ ಭಕ್ತಿ ಅಳಿಯಲಿಲ್ಲ, ಅಳಿಯಬೇಕಾದ ಅಗತ್ಯವೂ ಬೀಳಲಿಲ್ಲ. 1977ರಲ್ಲಿ ಭಾರತ ಸಿಡುಬುಮುಕ್ತ ಎಂದು ಘೋಷಣೆಯಾಯಿತು. ಅಮ್ಮನ ಜಾತ್ರೆ ಇವತ್ತಿಗೂ ನಡೆಯುತ್ತಿದೆ.

ಮುಂದಿನ ಲಸಿಕೆಗಳಿಗೆ ಬಿಸಿಲು ತಡೆಯುವ ಆ ಗುಣ ಇರಲಿಲ್ಲ. 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ ಬಂತಾದರೂ ಅದು ಬಹುಪಾಲು ಪಟ್ಟಣದ ಆಸ್ಪತ್ರೆಗಳಲ್ಲೇ ಉಳಿಯಿತು. 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಜಿಲ್ಲೆ ಜಿಲ್ಲೆಗೆ ಹಬ್ಬಿ ಹಳ್ಳಿ ಮುಟ್ಟಿತು: ಕ್ಷಯಕ್ಕೆ ಬಿಸಿಜಿ, ಗಂಟಲಮಾರಿ, ನಾಯಿಕೆಮ್ಮು ಮತ್ತು ಧನುರ್ವಾಯುವಿಗೆ ಡಿಪಿಟಿ, ಪೋಲಿಯೊ ಹನಿ, ದಡಾರದ ಚುಚ್ಚುಮದ್ದು. ಇವೆಲ್ಲ ಹಳ್ಳಿಯ ತನಕ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಬರಬೇಕು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕರೆಂಟು ಹೋದರೂ ತಂಪು ಹಿಡಿದಿಡುವ ಫ್ರಿಜ್ಜು, ಅಲ್ಲಿಂದ ಮುಂದಕ್ಕೆ ನರ್ಸಮ್ಮನ ಹೆಗಲಿಗೆ ಐಸ್ ಪ್ಯಾಕ್ ತುಂಬಿದ ಡಬ್ಬಿ. ಬಸ್ಸು ಇಳಿದ ಮೇಲೆ ನಡಿಗೆ.

ನಮ್ಮಲ್ಲಿ ಲಸಿಕೆಯ ವಾರ ಗುರುವಾರ. ಅಂಗನವಾಡಿಯಲ್ಲಿ ಕೂತ ಸಿಸ್ಟರ್ ಎದುರು ಒಂದು ಸಣ್ಣ ಗಣಿತ ಇರುತ್ತದೆ, ವರದಿಗಳಲ್ಲಿ ಇದು ಕಾಣುವುದೇ ಅಪರೂಪ. ಬಿಸಿಜಿಯ ಒಂದು ಸೀಸೆಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಮದ್ದು. ದಡಾರದ ಸೀಸೆಯೂ ಒಂದೇ ಮಗುವಿನದಲ್ಲ. ಎರಡೂ ಪುಡಿಯ ಮದ್ದು; ದ್ರವದಲ್ಲಿ ಕಲಸಿದ ಮೇಲೆ ಆಯಾ ಸೀಸೆಯನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದೇ ಮಗು ಬಂದರೂ ಸೀಸೆ ತೆರೆಯಿರಿ ಎಂದು ನಿಯಮ ಹೇಳುತ್ತದೆ. ಪೋಲಾದ ಮದ್ದಿನ ಲೆಕ್ಕವನ್ನೂ ಅದೇ ಇಲಾಖೆ ಕೇಳುತ್ತದೆ. ಹಾಗಾಗಿ 'ಇನ್ನೂ ನಾಲ್ಕು ಕೂಸು ಬರ್ಲಿ, ಮುಂದಿನ ವಾರ ಬಾರವ್ವ' ಎಂಬ ಮಾತು ಹುಟ್ಟುತ್ತದೆ. ಆ ಅವ್ವ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ. ಡಿಪಿಟಿ ಹಾಕಿದ ರಾತ್ರಿ ಮಗುವಿಗೆ ಜ್ವರ ಬಂದು ತೊಡೆ ಬಾತರೆ ಮರುದಿನದ ಕೂಲಿಯೂ ಹೋಯಿತು. ಸಣ್ಣ ಹಿಡುವಳಿಯ ಮನೆಯಲ್ಲಿ, ಕಳೆ ತೆಗೆಯುವ ಹೊತ್ತಿನಲ್ಲಿ, ಇದು ಚಿಕ್ಕ ನಷ್ಟವಲ್ಲ. ಮೊದಲ ಡೋಸಿಗೆ ಬಂದವರಲ್ಲಿ ಎಷ್ಟೋ ಜನ ಮೂರನೆಯದಕ್ಕೋ ಒಂಬತ್ತು ತಿಂಗಳ ದಡಾರದ ಲಸಿಕೆಗೋ ಬರುವುದಿಲ್ಲ. ಬೇಡವೆನ್ನುವವರಾಗಿದ್ದರೆ ಮೊದಲನೆಯದಕ್ಕೇ ಬರುತ್ತಿರಲಿಲ್ಲ!

ಹಾಗಾದರೆ 1998ರಿಂದ 2005ರ ನಡುವೆ ಆದದ್ದೇನು? ಒಂದೇ ಕಾರಣ ಹೇಳುವುದು ಕಷ್ಟ. ಪಲ್ಸ್ ಪೋಲಿಯೊ ಅದರಲ್ಲಿ ಒಂದು ಎಂದು ನನಗನಿಸುತ್ತದೆ. 1995ರ ಡಿಸೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆ ಅಭಿಯಾನ ಮನೆ ಮನೆಯ ಕದ ತಟ್ಟಿತು, ಬಸ್ ನಿಲ್ದಾಣದಲ್ಲೂ ಮಗುವಿನ ಬಾಯಿಗೆ ಹನಿ ಹಾಕಿತು, ಕಿರುಬೆರಳಿಗೆ ಮಸಿ ಹಚ್ಚಿತು. 2003ರಲ್ಲಿ ರಾಜ್ಯದ ಉತ್ತರ ಜಿಲ್ಲೆಗಳಲ್ಲಿ ಪೋಲಿಯೊ ಮತ್ತೆ ತಲೆಯೆತ್ತಿದಾಗ ಸುತ್ತಿನ ಮೇಲೆ ಸುತ್ತು ನಡೆಯಿತು. ಇದರ ಫಲ ದೊಡ್ಡದು: ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ, 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತ ಪ್ರಮಾಣಪತ್ರ. ಆದರೆ ಹನಿ ಹಾಕಲು ಓಡಾಡಿದವರು, ಗುರುವಾರದ ಸೂಜಿ ಹಾಕಬೇಕಿದ್ದವರು ಇದೇ ನರ್ಸಮ್ಮಂದಿರು. ಮೇಲಾಗಿ, ಮನೆಗೇ ಬಂದು ಹಾಕುತ್ತಾರಲ್ಲ, ಎಲ್ಲ ಲಸಿಕೆಯೂ ಆಯಿತು ಎಂದು ನಂಬಿದ ಮನೆಗಳಿಗೂ ಕಡಿಮೆಯಿಲ್ಲ.

ಆಮೇಲಿನ ಏರಿಕೆಗೆ ಕಾರಣರಾದವರು ಹೆಚ್ಚಾಗಿ ಊರಿನ ಹೆಂಗಸರೇ. ಅಂಗನವಾಡಿಯ ಬೇರು ಅದಕ್ಕೂ ಹಿಂದಿನದು; 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ 100 ಕೇಂದ್ರಗಳೊಂದಿಗೆ ರಾಜ್ಯದಲ್ಲಿ ಅದು ಶುರುವಾಯಿತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯನ್ನು ತಂದಿತು. ಯಾರ ಮನೆಯಲ್ಲಿ ಬಾಣಂತಿ, ಯಾರ ಸೊಸೆ ತವರಿಗೆ ಹೋಗಿದ್ದಾಳೆ, ಯಾರ ಅತ್ತೆ ಒಪ್ಪುತ್ತಿಲ್ಲ ಎಂಬುದೆಲ್ಲ ಆಕೆಗೆ ಗೊತ್ತು. ತಾಯಿ ಕಾರ್ಡು ಬಂದು ಮುಂದಿನ ತಾರೀಕು ಕಾಗದದ ಮೇಲೆ ನಿಂತಿತು. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಹಾಕಲೆಂದು 2014ರ ಕೊನೆಯಲ್ಲಿ ಘೋಷಣೆಯಾದ ಇಂದ್ರಧನುಷ್ ಅಭಿಯಾನ ಮೊದಲ ಸುತ್ತಿಗೆ ಹಿಂದುಳಿದ ಜಿಲ್ಲೆಗಳನ್ನು ಆರಿಸಿಕೊಂಡಾಗ ಯಾದಗಿರಿ, ರಾಯಚೂರು, ಕೊಪ್ಪಳ, ಕಲಬುರಗಿ, ಬಳ್ಳಾರಿ ಆ ಪಟ್ಟಿಯಲ್ಲಿದ್ದವು. ರಾಜ್ಯದ ಅಂಕಿ 2015-16ರಲ್ಲಿ ಶೇ. 62.6, ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಶೇ. 84.1. ಹೀಗೆ ಅಂಕಿ ಏರಿಸಿದ ಆಶಾಗೆ ಒಂದು ಮಗುವಿನ ಮೊದಲ ವರ್ಷದ ಲಸಿಕೆಗಳೆಲ್ಲ ಮುಗಿದರೆ ಸಿಗುವ ಪ್ರೋತ್ಸಾಹಧನ 100 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಇದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಧರಣಿ ಕೂತಿದ್ದರು.

ಹೊಸ ಲಸಿಕೆಗಳ ಬಗ್ಗೆ ಒಂದು ಮಾತು. ಮಕ್ಕಳ ವಾಂತಿಭೇದಿಗೆ ಕಾರಣವಾಗುವ ರೋಟಾವೈರಸ್ಸಿನ ಒಂದು ತಳಿಯನ್ನು, ಐ321 ಎಂಬುದನ್ನು, ಬೆಂಗಳೂರಿನ ನವಜಾತ ಶಿಶುಗಳಲ್ಲೇ ಪತ್ತೆಹಚ್ಚಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ. ಲಸಿಕೆಯಾಗಿ ಗೆದ್ದದ್ದು ಮಾತ್ರ ದೆಹಲಿಯಲ್ಲಿ ಸಿಕ್ಕ 116ಇ ತಳಿ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನಕ್ಕೆ ರಾಷ್ಟ್ರಮಟ್ಟದ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಆಗ ವಾಟ್ಸ್ಆ್ಯಪ್ ವದಂತಿ ನೋಡಿ ಹಿಂಜರಿದವರಲ್ಲಿ ನಗರದ ಓದಿದ ಪಾಲಕರೂ ಇದ್ದರು. ತಿಳಿವಳಿಕೆಯ ಪಾಠವನ್ನು ಹಳ್ಳಿಗೇ ಹೇಳುವವರು ಇದನ್ನೂ ನೆನಪಿಟ್ಟುಕೊಳ್ಳಬಹುದು.

ಸೂಜಿಯೊಂದೇ ಸಾಲದು ಎಂಬುದಕ್ಕೆ ಯಾದಗಿರಿಯನ್ನು ನೋಡಬೇಕು. ಅಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅರೆಹೊಟ್ಟೆಯ ಮಗುವಿಗೆ ದಡಾರ ಬಂದರೆ ಅದು ನ್ಯುಮೋನಿಯಾಕ್ಕೆ, ಭೇದಿಗೆ, ಕಣ್ಣು ಕಳೆದುಕೊಳ್ಳುವುದಕ್ಕೆ ತಿರುಗುತ್ತದೆ. ದಡಾರದ ಲಸಿಕೆಯ ಹೊತ್ತಿಗೇ ಎ ಅನ್ನಾಂಗದ (ವಿಟಮಿನ್ ಎ) ಹನಿ ಹಾಕುವುದು ಇದಕ್ಕಾಗಿಯೇ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು. ಅಲ್ಲೂ ಎದುರಾದದ್ದು ದೂರವೇ. ಮಲೆನಾಡಿನ ಚದುರಿದ ಮನೆಗಳಿಂದ ತುಂಬು ಬಸುರಿ ದಿನಾ ನಡೆದು ಹೋಗಿ ಉಣ್ಣುವುದು ಆಗುವ ಮಾತೇ?

ಕಲ್ಯಾಣ ಕರ್ನಾಟಕದಲ್ಲಿ ಈ ದೂರಕ್ಕೆ ಇನ್ನೊಂದು ರೂಪ ಇದೆ, ಗುಳೆ. ಸುಗ್ಗಿ ಮುಗಿದ ಮೇಲೆ ಮಳೆಗಾಲದ ತನಕ ಊರಲ್ಲಿ ಕೆಲಸ ಇಲ್ಲ. ಗಂಡ, ಹೆಂಡತಿ, ಹಾಲುಗೂಸು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಗೋವೆಗೋ ಪುಣೆಗೋ ಹೊರಡುತ್ತಾರೆ. ಊರಿನ ಆಶಾಳ ಪುಸ್ತಕದಲ್ಲಿ ಆ ಮಗುವಿನ ಹೆಸರ ಮುಂದೆ 'ಊರಲ್ಲಿಲ್ಲ' ಎಂದು ಬೀಳುತ್ತದೆ. ಕಟ್ಟಡದ ಶೆಡ್ಡು ಇರುವ ವಾರ್ಡಿನ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ತಾಯಿ ಕಾರ್ಡು ಊರ ಮನೆಯ ಟ್ರಂಕಿನಲ್ಲಿ ಉಳಿದಿದ್ದರೆ, ಹೊಸ ಊರಿನ ನರ್ಸಿಗೆ ಯಾವ ಡೋಸು ಆಗಿದೆ ಎಂದು ಹೇಳುವವರಿಲ್ಲ. ಈಚಿನ ಯು-ವಿನ್, ಅಂದರೆ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ, ಎಲ್ಲಿದ್ದರೂ ತೆರೆಯುತ್ತದೆ. ಆದರೆ ಶೆಡ್ಡಿನ ತನಕ ಯಾರಾದರೂ ಹೋಗಿ ಮಗು ಇದೆಯೇ ಎಂದು ಕೇಳಬೇಕು, ಆ ಕೆಲಸವನ್ನು ಫೋನು ಮಾಡುವುದಿಲ್ಲ.

ಶೇ. 84.1ಕ್ಕೂ ಒಂದು ಮಿತಿ ಇದೆ. ಆ ಲೆಕ್ಕ ಎರಡು ವರ್ಷದೊಳಗೆ ಮೂಲ ಲಸಿಕೆ ಮುಗಿಸಿದ ಮಕ್ಕಳದು. ಒಂದೂವರೆ ವರ್ಷಕ್ಕೂ ಐದರ ಮೇಲೂ ಹಾಕಿಸಬೇಕಾದ ಡಿಪಿಟಿ ಬೂಸ್ಟರ್, ಹತ್ತಕ್ಕೆ ಮತ್ತು ಹದಿನಾರಕ್ಕೆ ಹಾಕಿಸಬೇಕಾದ, ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಟಿಡಿ ಅದರೊಳಗೆ ಬರುವುದೇ ಇಲ್ಲ. ವಿಜಯಪುರದ ಕಡೆ ಕಳೆದ ದಶಕದಲ್ಲಿ ಮತ್ತೆ ಕಾಣಿಸಿಕೊಂಡ ಗಂಟಲಮಾರಿ ಹಿಡಿದದ್ದು ಹಸುಗೂಸುಗಳನ್ನಷ್ಟೇ ಅಲ್ಲ, ಶಾಲೆಗೆ ಹೋಗುವ ವಯಸ್ಸಿನವರನ್ನೂ.