ನೋವು ಹೋದ ಹಲ್ಲನ್ನು ಮತ್ತೆ ಮತ್ತೆ ತೊಳೆಯುವುದೇಕೆ?

"ಮೊದಲ ದಿನವೇ ನರ ತೆಗೆದಿರಿ, ನೋವೂ ಹೋಯಿತು. ಇನ್ನೂ ಅದೇನು ನೀರು ಬಿಡುತ್ತಾ ಕೂತಿದ್ದೀರಿ?" ರೂಟ್ ಕೆನಾಲ್ ಮಾಡಿಸಿಕೊಳ್ಳುವವರ ಈ ಪ್ರಶ್ನೆಗೆ ಉತ್ತರಿಸಿ ದಂತವೈದ್ಯರು ಸುಸ್ತಾಗಿದ್ದಾರೆ. ಒಳಗಿನ ಒತ್ತಡ ಇಳಿದರೆ ನೋವು ಇಳಿಯುತ್ತದೆ, ಅಷ್ಟೆ. ಬ್ಯಾಕ್ಟೀರಿಯಾ ಅಲ್ಲೇ ಇರುತ್ತವೆ.

ಬೇರಿನೊಳಗಿನ ಕಾಲುವೆ ಪೈಪಿನ ಹಾಗೆ ದುಂಡಗಿರುವುದಿಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಕವಲು, ಎರಡು ಕಾಲುವೆಗಳ ನಡುವೆ ಕೂದಲೆಳೆಯಂಥ ಸೀಳು. ಕಾಲುವೆಯನ್ನು ಕೆರೆಯುವ ಸೂಜಿಯಂಥ ಅರ, ಅಂದರೆ ತಿರುಗುವ ಫೈಲು, ಗೋಡೆಯ ಮೂರನೇ ಒಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಮುಟ್ಟದೆಯೇ ಹೊರಬರುತ್ತದೆ. ಆ ಮೂಲೆಗಳನ್ನು ತಲುಪಬೇಕಾದದ್ದು ದ್ರಾವಣ. ಫೈಲು ಅದಕ್ಕೆ ದಾರಿ ಬಿಡಿಸಿಕೊಡುತ್ತದೆ.

ನೀರಿನಂತೆ ಕಾಣುವ ಅದು ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್, ಶೇ. 0.5ರಿಂದ 6ರವರೆಗೆ. ಬ್ಯಾಕ್ಟೀರಿಯಾ ಕೊಲ್ಲುವುದಲ್ಲದೆ ಸತ್ತ ಅಂಗಾಂಶವನ್ನೂ ಕರಗಿಸುತ್ತದೆ. ಕರಗಿಸುತ್ತಲೇ ಅದರ ಕ್ಲೋರಿನ್ ಮುಗಿಯುವುದರಿಂದ ಹೊಸದನ್ನು ತುಂಬುತ್ತಲೇ ಇರಬೇಕು. ಸಮಯ ಹಿಡಿಯುವುದು ಇಲ್ಲೇ.

ಪಕ್ಕಕ್ಕೆ ಕಿಂಡಿಯಿರುವ 30 ಗೇಜ್‌ನ ತೀರಾ ತೆಳ್ಳನೆಯ ಸೂಜಿ, ಅಳೆದಿಟ್ಟ ಕಾಲುವೆಯ ಉದ್ದಕ್ಕಿಂತ 1-2 ಮಿ.ಮೀ. ಈಚೆಗೇ, ಸಡಿಲವಾಗಿ ನಿಲ್ಲಬೇಕು. ಬಿಗಿದು ಕೂತ ಸೂಜಿಯಲ್ಲಿ ಪಿಸ್ಟನ್ ಒತ್ತಿದರೆ ದ್ರಾವಣ ಬೇರಿನ ತುದಿ ದಾಟಿ, ವಿಪರೀತ ಉರಿಯೊಂದಿಗೆ ನಿಮಿಷಗಳಲ್ಲೇ ಕೆನ್ನೆ ಊದುತ್ತದೆ. ಹಾಗೆಂದು ಹೆದರಿ ತೀರಾ ಈಚೆ ನಿಲ್ಲಿಸಿದರೂ ಪ್ರಯೋಜನವಿಲ್ಲ: ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ದ್ರಾವಣವನ್ನು ತಡೆಯುತ್ತದೆ. ಕಾಲುವೆಗೆ ಹೊಂದುವ ಗಟ್ಟಾ ಪರ್ಚಾ (ಕೊನೆಗೆ ಕಾಲುವೆ ತುಂಬಲು ಬಳಸುವ ರಬ್ಬರಿನಂಥ ವಸ್ತು) ಕಡ್ಡಿಯನ್ನು 2-3 ಮಿ.ಮೀ. ಮೇಲೆ ಕೆಳಗೆ, ನಿಮಿಷಕ್ಕೆ ನೂರು ಸಲ ಆಡಿಸಿದರೆ ಗುಳ್ಳೆ ಒಡೆಯುತ್ತದೆ. ಅತಿ ವೇಗವಾಗಿ ಕಂಪಿಸುವ ಅಲ್ಟ್ರಾಸೋನಿಕ್ ತುದಿಯಾದರೆ 20 ಸೆಕೆಂಡಿನಂತೆ ಮೂರು ಸುತ್ತು.

ಫೈಲು ಉಜ್ಜಿ ಮೆತ್ತಿದ ಪುಡಿಯ ಪದರಕ್ಕೆ ಅದರ ಸುಣ್ಣದಂಶವನ್ನು ಕರಗಿಸುವ ಶೇ. 17ರ ಇಡಿಟಿಎ ದ್ರಾವಣ, ಸುಮಾರು ಒಂದು ನಿಮಿಷ. ಇದನ್ನು ಹೈಪೋಕ್ಲೋರೈಟ್ ಜೊತೆ ಬೆರೆಸಿದರೆ ಕ್ಲೋರಿನ್ ವ್ಯರ್ಥ. ಹೈಪೋಕ್ಲೋರೈಟ್‌ಗೆ ಇನ್ನೊಂದು ಸೋಂಕುನಾಶಕವಾದ ಕ್ಲೋರ್‌ಹೆಕ್ಸಿಡಿನ್ ಬೆರೆತರಂತೂ ಕಂದುಬಣ್ಣದ ಗಸಿ ಗೋಡೆಗೆ ಅಂಟುತ್ತದೆ. ನಡುವೆ ಸಲೈನ್ ಬಿಟ್ಟು, ಪೇಪರ್ ಪಾಯಿಂಟ್ ಎಂಬ ಕಾಗದದ ಕಡ್ಡಿಯಿಂದ ಹೀರಿಸಲೇಬೇಕು.

ನರ ಜೀವಂತವಿದ್ದ ಹಲ್ಲು ಎಷ್ಟೋ ಸಲ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಕೀವು ನಿಲ್ಲದಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧ ತುಂಬಿ ಒಂದೆರಡು ವಾರ ಬಿಡುವುದು ವಾಡಿಕೆ. ಎಷ್ಟು ದಿನ ಎನ್ನುವುದನ್ನು ಹಲ್ಲು ನೋಡಿಯೇ ಹೇಳಬೇಕು. ಆ ಅವಧಿಯಲ್ಲಿ ಬಾಗಿಲು ಕಾಯುವುದು ಸುಮಾರು 4 ಮಿ.ಮೀ. ದಪ್ಪದ ತಾತ್ಕಾಲಿಕ ಸಿಮೆಂಟು. ಅದು ಉದುರಿದರೆ ಎಂಜಲು ಒಳನುಗ್ಗಿ ಇಷ್ಟೂ ತೊಳೆದದ್ದು ನೀರುಪಾಲು. ನೋವಿಲ್ಲವೆಂದು ಹತ್ತಿ ತುರುಕಿಕೊಂಡು ಮುಂದಿನ ದಿನಾಂಕ ಕಾಯಬೇಡಿ, ಅಂದೇ ಫೋನ್ ಮಾಡಿ.